ಹುಳಿಯತ್ತೆ ಪರೀಕ್ಷೆ ಮಾಡದ ಮರಳು

ನಮ್ಮ ಸೋದರತ್ತೆಯ ಕೈಚೀಲದಲ್ಲಿ ಬಾಚಣಿಗೆ ಇರುತ್ತದೋ ಇಲ್ಲವೋ, ಒಂದು ಪುಟ್ಟ ಬಾಟಲಿ ವಿನೆಗರ್ ಮಾತ್ರ ಇದ್ದೇ ಇರುತ್ತದೆ. ಕಣ್ಣಿಗೆ ಔಷಧಿ ಬಿಡುವ ಬಾಟಲಿ ಅದು, ತೊಳೆದು ಇಟ್ಟುಕೊಂಡದ್ದು. ಯಾರ ಮನೆಗೆ ಹೋದರೂ ಕಲ್ಲು, ಮರಳು, ಜಲ್ಲಿ ಕಣ್ಣಿಗೆ ಬಿದ್ದರೆ ಸಾಕು, ಎರಡು ಹನಿ ಬಿಟ್ಟು ಬಗ್ಗಿ ನೋಡುತ್ತಾಳೆ. ಚಿಕ್ಕಪ್ಪ ಹೊಸ ಮನೆ ಕಟ್ಟಿಸಿದಾಗ ನೆಂಟರೆಲ್ಲ ಅಡುಗೆಮನೆಯ ಕಪಾಟು ತೆಗೆದು ಮುಚ್ಚಿ ನೋಡುತ್ತಿದ್ದರೆ ಇವಳು ಮೆಟ್ಟಿಲ ಮೇಲೆ ಕೂತು ಕಲ್ಲಿಗೆ ಹನಿ ಹಾಕುತ್ತಿದ್ದಳು. ಕಲ್ಲಿನ ಮೇಲೆ ಸಣ್ಣಗೆ ನೊರೆ ಎದ್ದಿತು. "ಗಟ್ಟಿ ಕಲ್ಲು ಅಂತ ಸುಣ್ಣದ ಕಲ್ಲು ಕೊಟ್ಟಿದಾರೆ ಕಣೋ, ಚೆನ್ನಾಗಿ ನಾಮ ಹಾಕಿದಾರೆ ನಿಂಗೆ" ಅಂದಳು, ಎಲ್ಲರ ಎದುರಿಗೇ. ಚಿಕ್ಕಪ್ಪ ಒಂದು ವರ್ಷ ಮಾತು ಬಿಟ್ಟಿದ್ದ. ಬಾಟಲಿಯ ವಾಸನೆಗೋ ಬಾಯಿಯ ರುಚಿಗೋ, ಹುಳಿಯತ್ತೆ ಅಂತ ಹೆಸರು ಬಿತ್ತು. ಅದನ್ನು ಇಟ್ಟವರು ಯಾರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ನಾನಂತೂ ಅಲ್ಲ.

ಅತ್ತೆ ಕೆಲಸ ಮಾಡುವುದು ಮೀನಿನ ತೊಟ್ಟಿಗಳ ಅಂಗಡಿಯಲ್ಲಿ. ಮೊದಲು ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿದ್ದಳು, ಅದು ಮುಚ್ಚಿತು. ಅಂಗಡಿಗೆ ಸೇರಿದ್ದು ಗಾಜು ಒರೆಸುವುದಕ್ಕೆ. ಹತ್ತೊಂಬತ್ತು ವರ್ಷ ಒರೆಸುತ್ತಾ ಒರೆಸುತ್ತಾ ಗಾಜಿನ ಒಳಗಿರುವುದನ್ನೆಲ್ಲ ಕಲಿತುಬಿಟ್ಟಳು. ಈಗ ನೀರಿನೊಳಗೆ ಗಿಡ ಬೆಳೆಸಬೇಕು ಅನ್ನುವವರು ಓನರನ್ನು ಕೇಳುವುದಿಲ್ಲ, "ಆ ಅಕ್ಕ ಇಲ್ವಾ" ಅಂತ ಕೇಳುತ್ತಾರೆ.

"ಮೀನಿಗೆ ಬಾಯಿದೆ" ಅನ್ನುತ್ತಾಳೆ ಅತ್ತೆ. "ಹಸಿವಾದ್ರೆ ಮೇಲೆ ಬಂದು ಬಾಯಿ ಬಿಡುತ್ತೆ. ಗಿಡಕ್ಕೆ ಬಾಯಿಲ್ಲ. ಏನಿದ್ರೂ ಎಲೆಯಲ್ಲೇ ಹೇಳ್ಬೇಕು, ಅದನ್ನೂ ಹದಿನೈದು ದಿನ ತಡವಾಗಿ ಹೇಳುತ್ತೆ. ಅಷ್ಟೊತ್ತಿಗೆ ನೀವು ಮಾಡಿದ ತಪ್ಪು ನಿಮಗೇ ಮರೆತುಹೋಗಿರುತ್ತೆ."

ಅವಳು ಬಂದವರಿಗೆಲ್ಲ ಒಪ್ಪಿಸುವ ಪಾಠ ಒಂದೇ. ಮೊದಲು ನೆಲ, ಆಮೇಲೆ ಬೆಳಕು, ಗಿಡ ಕೊನೆಗೆ. ನೆಲದ ಅಡಿಯಲ್ಲಿ ಜರಡಿ ಹಿಡಿದ ಜೇಡಿಮಣ್ಣು, ಅದು ಊಟ. ಮೇಲೆ ಸಾಸಿವೆ ಗಾತ್ರದ ಮರಳು, ಅದು ಮುಚ್ಚಳ. ಮರಳು ತೀರಾ ನುಣ್ಣಗಿದ್ದರೆ ಗಟ್ಟಿಯಾಗಿ ಕೂತು ಬೇರಿಗೆ ಉಸಿರು ಕಟ್ಟುತ್ತದೆ, ತೀರಾ ದಪ್ಪವಿದ್ದರೆ ಮಣ್ಣು ಎದ್ದು ನೀರೆಲ್ಲ ಕದಡುತ್ತದೆ. ಮರಳಿನಲ್ಲಿ ಚಿಪ್ಪು, ಸುಣ್ಣ ಇರಲೇಬಾರದು. ಇದ್ದರೆ ದಿನಾ ಒಂದಿಷ್ಟು ಕರಗಿ ನೀರು ಗಡುಸಾಗುತ್ತದೆ, ಮೆದು ನೀರಿನ ಗಿಡ ಸೊರಗುತ್ತದೆ. ಅದಕ್ಕೇ ವಿನೆಗರ್. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ.

ನಾನು ಹೇಳಹೊರಟಿದ್ದು ಗಡಿಯಾರದ ತಾತನ ಮನೆಯ ಗಿಡದ ವಿಷಯ. ಅತ್ತೆ ಹೇಳಿದ್ದನ್ನು ಅತ್ತೆಯ ಬಾಯಿಂದ ಕೇಳಿದ್ದೇನೆ. ಅತ್ತೆ ನುಂಗಿಕೊಂಡದ್ದನ್ನು ತಾತನ ಮಗಳ ಬಾಯಿಂದ ಕೇಳಿದ್ದೇನೆ. ಅವರು ನನಗೆ ಕಾರು ಓಡಿಸುವುದನ್ನು ಕಲಿಸಿದವರು.

ತಾತ ಗಡಿಯಾರ ರಿಪೇರಿ ಮಾಡುವವರು. ಕೆಳಗಡೆ ಕಿರಿದಾದ ಅಂಗಡಿ, ಮೇಲೆ ಮನೆ. ಕಣ್ಣು ಮಂಜಾಗಿ ನಾಲ್ಕು ವರ್ಷವಾದರೂ ಅಂಗಡಿ ಮುಚ್ಚಿಲ್ಲ. ಬೆರಳಿನಿಂದ, ಕಿವಿಯಿಂದ ಕೆಲಸ ಸಾಗಿಸುತ್ತಾರೆ. ಮೇಲಿನ ಕೋಣೆಯಲ್ಲಿ ಕಿಟಕಿಯಿಂದ ದೂರಕ್ಕೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ನಾಲ್ಕು ಪುಟ್ಟ ಮೀನು, ನಡುವೆ ಎರಡು ಅಂಗೈ ಅಗಲಿಸಿದಷ್ಟು ದೊಡ್ಡ ಒಂದೇ ಗಿಡ, ಹಲವು ಬುಡ ಒಡೆದು ಪೊದೆಯಾದದ್ದು. ಅಂಚು ಸುಕ್ಕಾದ ಕಂದು ಎಲೆಗಳು. ತಾತನ ಹೆಂಡತಿ ನೆಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅವರು ಹೋಗಿ ಎರಡು ವರ್ಷ. ಅಂದಿನಿಂದ ತಾತ ಬೆಳಿಗ್ಗೆ ಹತ್ತಕ್ಕೆ ಕೆಳಗಿಂದ ಹತ್ತಿ ಬಂದು ತೊಟ್ಟಿಯ ಟ್ಯೂಬ್‌ಲೈಟ್ ಹಾಕುತ್ತಿದ್ದರು, ಸಂಜೆ ಐದಕ್ಕೆ ಮತ್ತೆ ಹತ್ತಿ ಬಂದು ಆರಿಸುತ್ತಿದ್ದರು. ಹೆಂಡತಿ ಹಾಕಿಕೊಟ್ಟ ಹೊತ್ತು ಅದು.

ತೊಟ್ಟಿ ಸೋರಲು ಶುರುವಾದ ದಿನ ಮಗಳು ಅತ್ತೆಯ ಅಂಗಡಿಗೆ ಫೋನ್ ಮಾಡಿದರು. ಅತ್ತೆ ಹೋದಾಗ ತಾತ ತೊಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಕೆಳಗೆ ಬಕೆಟ್ ಇತ್ತು.

"ನಿಮಿಷಕ್ಕೆ ನಲವತ್ತೆರಡು ಹನಿ" ಅಂದರು. "ಬೆಳಿಗ್ಗೆ ಮೂವತ್ತಿತ್ತು."

ಅತ್ತೆ ಗಾಜಿನ ತಳದ ಅಂಚನ್ನು ಸವರಿ ನೋಡಿದಳು. ಅಂಟು ಉದ್ದಕ್ಕೂ ಬಿಟ್ಟಿತ್ತು. "ಇದು ಸಂಜೆವರೆಗೂ ನಿಲ್ಲಲ್ಲ, ದೊಡ್ಡಪ್ಪ. ಗಿಡ ಕೀಳಲೇಬೇಕು."

"ನೆಲ ಮುಟ್ಟಬೇಡಿ ಅಂತಿದ್ಲು ಅವಳು."

"ನೆಲ ಸಮೇತ ಎತ್ತೋಣ."

ತಾತ ಗಾಜಿನ ಮೇಲೆ ಅಂಗೈ ಇಟ್ಟರು. "ಅವಳು ಕೈಯಾರೆ ಬೆಳೆಸಿದ್ದು ಅಂತ ಉಳಿದಿರೋದು ಇದೊಂದೇ ಕಣಮ್ಮ."

"ನಾನಿದೀನಪ್ಪ" ಅಂದರು ಮಗಳು, ಬಾಗಿಲಲ್ಲಿ ನಿಂತು.

"ನೀನು ಅವಳ ಮಾತು ಯಾವತ್ತು ಕೇಳಿದ್ದೆ? ಇದು ಕೇಳ್ತಿತ್ತು."

ಮಧ್ಯಾಹ್ನದೊಳಗೆ ಹೊಸ ತೊಟ್ಟಿ ಬಂತು. ಅತ್ತೆ ಜೇಡಿಮಣ್ಣು ಕಲಸಿ ಒಂದಂಗುಲ ಹಾಸಿದಳು. ಎರಡು ಅಗಲ ತಟ್ಟೆಗಳನ್ನು ಎರಡೂ ಕಡೆಯಿಂದ ನೆಲಕ್ಕೆ ಇಳಿಸಿ, ಗಿಡವನ್ನು ಬುಡದ ಮಣ್ಣಿನ ಸಮೇತ ಎತ್ತಿದಳು. ಕೂದಲಿನಂಥ ಬಿಳಿ ಬೇರುಗಳು ತಟ್ಟೆಯಿಂದಾಚೆ ಜೋತುಬಿದ್ದವು. ಹೊಸ ತೊಟ್ಟಿಯಲ್ಲಿ ಅದನ್ನು ಕೂರಿಸಿ, ಸುತ್ತ ಮರಳು ಸುರಿದಳು. ಅಂಗಡಿಯ ಮೂಟೆಯ ಮರಳು. ಹತ್ತೊಂಬತ್ತು ವರ್ಷದಿಂದ ಅವಳೇ ಅಳೆದು ಕೊಟ್ಟ ಮರಳು. ಚೀಲದ ಬಾಟಲಿ ಚೀಲದಲ್ಲೇ ಇತ್ತು. ಮನೆಯ ಡಬ್ಬಿಯ ಉಪ್ಪನ್ನು ಉಪ್ಪು ಹೌದೋ ಅಲ್ಲವೋ ಅಂತ ಯಾರು ನೆಕ್ಕಿ ನೋಡುತ್ತಾರೆ?

ಬೆಳಕಿನ ವಿಷಯಕ್ಕೆ ಮಾತು ಸ್ವಲ್ಪ ಬಿಸಿಯಾಯಿತು. ಹಳೆಯ ಟ್ಯೂಬ್‌ಲೈಟಿನ ತುಕ್ಕು ಹಿಡಿದ ಹಿಡಿ ಬಿಚ್ಚುವಾಗಲೇ ಮುರಿದಿತ್ತು. ಮಗಳು ಒಂದು ಉದ್ದ ಪೆಟ್ಟಿಗೆ ತಂದಿಟ್ಟರು. ಹೊಸ ಎಲ್‌ಇಡಿ ಲೈಟು. ಅಪ್ಪನ ಮಂಜುಗಣ್ಣಿಗೂ ಗಿಡ ಕಾಣಲಿ ಅಂತ ಇದ್ದದ್ದರಲ್ಲಿ ಎಲ್ಲಕ್ಕಿಂತ ಜೋರಾದದ್ದನ್ನು ಆರಿಸಿದ್ದರು.

"ಇದು ಆಟದ ಮೈದಾನಕ್ಕೆ ಹಾಕೋ ಲೈಟಲ್ವಾ?" ಅಂದಳು ಅತ್ತೆ.

"ಗಿಡಕ್ಕೆ ಬೆಳಕು ಒಳ್ಳೇದಲ್ವಾ, ಅಕ್ಕ?"

"ಇಪ್ಪತ್ತೆರಡು ವರ್ಷ ನೆರಳಲ್ಲಿ ಕೂತಿದ್ದೋರನ್ನ ಏಕ್ದಂ ನಡುಬಿಸಿಲಿಗೆ ನಿಲ್ಲಿಸಿದ್ರೆ ಏನಾಗುತ್ತೆ? ಅತಿಯಾದ್ರೆ ಅಮೃತನೂ ವಿಷ. ಗಿಡ ತಿಂದು ಉಳಿದ ಬೆಳಕನ್ನ ಪಾಚಿ ತಿನ್ನುತ್ತೆ."

ಬೇರೆ ಲೈಟು ಕೈಯಲ್ಲಿರಲಿಲ್ಲ. ಅತ್ತೆ ನಾಲ್ಕು ಮರದ ತುಂಡು ಇಟ್ಟು ಲೈಟನ್ನು ನೀರಿನಿಂದ ಒಂದು ಗೇಣು ಮೇಲಕ್ಕೆ ಎತ್ತಿದಳು. ಪ್ಲಗ್ಗಿಗೆ ಟೈಮರ್ ಸಿಕ್ಕಿಸಿ ಹನ್ನೊಂದರಿಂದ ಐದರವರೆಗೆ, ಆರೇ ಗಂಟೆಗೆ ತಿರುಗಿಸಿಟ್ಟಳು.

"ಗಡಿಯಾರದೋನ ಮನೆಗೆ ಟೈಮರ್ ತಂದ್ರಾ" ಅಂದರು ತಾತ. "ಸರಿ, ನನ್ನ ಮೊಣಕಾಲಿಗೆ ರಜ."

ಹೊರಡುವಾಗ ಅತ್ತೆ ಮೂರು ಸಲ ಹೇಳಿದಳು. "ಒಂದು ವಾರದಲ್ಲಿ ಎಲೆ ಕರಗೋಕೆ ಶುರುವಾಗುತ್ತೆ. ಈ ಜಾತಿ ಗಿಡ ಜಾಗ ಬದಲಾಯಿಸಿದ್ರೆ ಮುನಿಸ್ಕೊಳ್ಳುತ್ತೆ. ಹೆದರಬೇಡಿ, ಕೀಳಬೇಡಿ. ಬುಡ ಗಟ್ಟಿ ಇದ್ರೆ ಮತ್ತೆ ಚಿಗುರುತ್ತೆ."

ಐದನೇ ದಿನ ಎಲೆಗಳು ಎಣ್ಣೆ ಮೆತ್ತಿದ ಕಾಗದದ ಹಾಗೆ ಪಾರದರ್ಶಕವಾದವು. ಎಂಟನೇ ದಿನ ಒಂದೊಂದೇ ಲೋಳೆಯಾಗಿ ಮರಳಿನ ಮೇಲೆ ಬಿದ್ದವು. ಮಗಳು ಫೋನ್ ಮಾಡಿ "ಅಪ್ಪನಿಗೆ ಕಾಣಲ್ಲ ಅಂದ್ಕೊಂಡಿದ್ದೆ. ನೀರಿನ ವಾಸನೆಯಲ್ಲೇ ಗೊತ್ತು ಮಾಡ್ಕೊಂಡಿದಾರೆ. ಊಟ ಸರಿಯಾಗಿ ಮಾಡ್ತಿಲ್ಲ" ಅಂದರು.

ಅತ್ತೆ ಹೋದಳು. ಗಾಜಿನ ಮೇಲೆಲ್ಲ ಹಸಿರು ಜೂಲು ಎದ್ದಿತ್ತು. ಆರು ಗಂಟೆಯ ಬೆಳಕಿಗೆ ಎಂಟು ದಿನದಲ್ಲಿ ಇಷ್ಟು ಪಾಚಿ ಬರಬಾರದು. ತೊಟ್ಟಿಯ ಹಿಂದೆ ಕೈ ಹಾಕಿ ನೋಡಿದಳು. ಟೈಮರ್ ಅನಾಥವಾಗಿ ನೆಲದ ಮೇಲೆ ಬಿದ್ದಿತ್ತು. ಲೈಟಿನ ಪ್ಲಗ್ಗು ನೇರ ಗೋಡೆಯಲ್ಲಿತ್ತು.

"ಯಾರು ಮಾಡಿದ್ದಿದು?"

ಮಗಳು ಅಪ್ಪನ ಕಡೆ ನೋಡಿ, "ನಾನು" ಅಂದರು. "ಟೈಮರ್ ಆರಿಸಿದ ಮೇಲೆ, ಸಂಜೆ ಬಂದು ಮತ್ತೆ ಹಾಕ್ತಿದ್ದೆ. ಹತ್ತು ಗಂಟೆವರೆಗೆ."

ಆಮೇಲೆ ಅತ್ತೆಯ ಬಾಯಿಗೆ ಲಗಾಮಿರಲಿಲ್ಲ. "ಊರಿಗೆಲ್ಲ ಕಾರು ಕಲಿಸ್ತೀರಿ, ಬ್ರೇಕು ಎಲ್ಲಿದೆ ಅಂತ ನಿಮಗೇ ಗೊತ್ತಿಲ್ವಾ? ಹೇಳಿ ಹೇಳಿ ಹೋಗಿದ್ದೆ. ಮುನಿಸ್ಕೊಂಡು ಮಲಗಿರೋ ಗಿಡದ ಮುಖಕ್ಕೆ ಟಾರ್ಚ್ ಬಿಟ್ಟಂಗಾಯ್ತು. ಇದು ಸತ್ರೆ ನಿಮ್ಮ ಕೈಯಿಂದ ಸತ್ತಂಗೆ."

ಮಗಳು ಬಗ್ಗಿ ಟೈಮರನ್ನು ಎತ್ತಿಕೊಂಡರು. ತಾತ ಎದ್ದು ಮೆಟ್ಟಿಲು ತಡಕುತ್ತಾ ಕೆಳಗಿಳಿದುಹೋದರು. ಅಂದಿನಿಂದ ಮಗಳ ಜೊತೆ ಒಂದು ಮಾತಿಲ್ಲ. ತಟ್ಟೆ ಇಟ್ಟರೆ ತಿನ್ನುತ್ತಿದ್ದರು, ಕೇಳಿದರೆ ಕಿವಿ ಕೇಳಿಸದವರ ಹಾಗೆ ಇರುತ್ತಿದ್ದರು. ಕಿವಿ ಮಾತ್ರ ಚೆನ್ನಾಗಿದ್ದ ಮನುಷ್ಯ.

ನಾಲ್ಕನೇ ದಿನ ಅಂಗಡಿಯಲ್ಲಿ ಅತ್ತೆ ಯಾರಿಗೋ ಮರಳು ಅಳೆಯುತ್ತಿದ್ದಳು. ಮೂಟೆಯೊಳಗೆ ಕೈ ಹಾಕಿದಾಗ ಬೆರಳಿಗೆ ಏನೋ ಚೂಪಾಗಿ ತಾಗಿತು. ಉಗುರಿನ ಚೂರಿನಷ್ಟು ಬಿಳಿ ಚಿಪ್ಪು. ಮರಳನ್ನು ಬಾಗಿಲ ಬೆಳಕಿಗೆ ಹಿಡಿದಳು. ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಮಿಣುಕು. ಬಾಟಲಿ ತೆಗೆದು ಎರಡು ಹನಿ ಬಿಟ್ಟಳು.

ಮರಳಿನ ಮೇಲೆ ಚುರುಚುರು ನೊರೆ ಎದ್ದಿತು.

ಅಳೆದಿಟ್ಟ ಮರಳನ್ನು ಅತ್ತೆ ವಾಪಸ್ ಮೂಟೆಗೆ ಸುರಿದಳು. ಇನ್ನೊಂದು ಹಿಡಿ ತೆಗೆದಳು, ಅದೂ ನೊರೆ. ಮೂಟೆಯ ತಳದಿಂದ ತೆಗೆದಳು, ಅದೂ ನೊರೆ.

"ಈ ಮರಳು ಎಲ್ಲಿಂದ ಬಂತು, ಸರ್?"

ಓನರ್ ತಲೆ ಎತ್ತಲಿಲ್ಲ. "ಹಳಬರು ಕೊಡೋದು ನಿಲ್ಲಿಸಿ ಎರಡು ತಿಂಗಳಾಯ್ತಲ್ಲಕ್ಕ. ಇದು ಬೇರೆ ಕಡೆಯದು. ಚೀಲ ಮಾತ್ರ ನಮ್ಮದೇ, ಅದರಲ್ಲೇ ತುಂಬಿಸ್ಕೊಂಡೆ."

ಊರಿನ ಕಲ್ಲಿಗೆಲ್ಲ ಹನಿ ಹಾಕಿದವಳು. ದೀಪದ ಬುಡದಲ್ಲೇ ಕತ್ತಲೆ.

ಅತ್ತೆ ಗಡಿಯಾರದ ತಾತನ ಮನೆಯ ಕಥೆ ಹೇಳಿದಳು. ಓನರ್ ಈಗ ತಲೆ ಎತ್ತಿದರು. "ಲೈಟಿಂದ ಆಯ್ತು ಅಂತ ಅವರೇ ಒಪ್ಕೊಂಡಿದಾರಲ್ಲ. ನೀವ್ಯಾಕೆ ಹೋಗಿ ಇರುವೆಗೂಡಿಗೆ ಕೈ ಹಾಕ್ತೀರಿ? ಮೂಟೆ ವಾಪಸ್ ಕಳಿಸೋಣ, ಮುಗೀತು."

ಮುಗಿಯಲಿಲ್ಲ. ಆ ದಿನ ಮನೆಗೆ ಬಂದ ಅತ್ತೆ ಟೀ ಲೋಟ ಹಿಡಿದು ಕೂತವಳು ಅದು ಆರಿ ಕೆನೆ ಕಟ್ಟಿದರೂ ಕುಡಿಯಲಿಲ್ಲ. ನಾನು ಕೇಳಿದಾಗ ಹೇಳಿದ್ದು ಇಷ್ಟು: ಗಿಡ ತಾನಾಗಿ ಮುನಿಸಿಕೊಂಡು ಕರಗಿದ್ದರೆ, ಈಗ ಅಲ್ಲಾಡಿಸಿದರೆ ಸಾಯುತ್ತದೆ. ಸುಣ್ಣಕ್ಕೆ ಸೊರಗುತ್ತಿದ್ದರೆ, ಅಲ್ಲಾಡಿಸದೆ ಬಿಟ್ಟರೆ ಸಾಯುತ್ತದೆ. "ಎರಡೂ ಇದ್ರೆ?" ಅಂದೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನೇ ಆ ಟೀ ಎತ್ತಿಕೊಂಡು ಕುಡಿದೆ.

ಬೆಳಿಗ್ಗೆ ಎಂಟಕ್ಕೆ ಅತ್ತೆ ತಾತನ ಮನೆಯ ಬಾಗಿಲು ತಟ್ಟಿದಳು. ತೆಗೆದದ್ದು ಮಗಳು.

"ಮತ್ತೇನು ತಪ್ಪು ಮಾಡಿದೆ ನಾನು?" ಅಂದರು.

"ನೀವಲ್ಲ. ಅಪ್ಪನ್ನ ಕರೀರಿ. ನೀವೂ ಬನ್ನಿ."

ಅತ್ತೆ ತೊಟ್ಟಿಯಿಂದ ಒಂದು ಚಮಚ ಮರಳು ತೆಗೆದು ನೀರು ಬಸಿದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಎರಡು ಹನಿ ಬಿಟ್ಟಳು. ತಾತನಿಗೆ ಕಾಣುವುದಿಲ್ಲ ಅಂತ ಆಗ ನೆನಪಾಯಿತು. ಹೇಳಲು ಬಾಯಿ ತೆಗೆಯುವಷ್ಟರಲ್ಲಿ ತಾತ ಬಗ್ಗಿ, ಕೈಗಡಿಯಾರಕ್ಕೆ ಕಿವಿ ಕೊಡುವ ಹಾಗೆ ಚಮಚಕ್ಕೆ ಕಿವಿ ಕೊಟ್ಟರು.

"ಚುರುಗುಟ್ತಿದೆ" ಅಂದರು. "ಏನಿದು?"

"ಸುಣ್ಣ. ಮರಳಲ್ಲಿ ಚಿಪ್ಪಿದೆ. ತಂದು ಹಾಕಿದೋಳು ನಾನು. ನೋಡದೆ ಹಾಕಿದೆ. ದಿನಾ ಕರಗ್ತಾ ಇದೆ."

ಕೆಳಗಿನ ಅಂಗಡಿಯಲ್ಲಿ ಒಂದು ಗಡಿಯಾರ ಎಂಟೂಕಾಲು ಹೊಡೆಯಿತು, ಅದರ ಹಿಂದೆಯೇ ಇನ್ನೊಂದು.

"ಅವತ್ತು ನನ್ನನ್ನ ಬ್ರೇಕು ಗೊತ್ತಿಲ್ಲದೋಳು ಅಂದ್ರಿ" ಅಂದರು ಮಗಳು.

"ಅಂದೆ. ಅನ್ನಬಾರದಿತ್ತು."

ಮಗಳು ಚಮಚದ ಕಡೆಗೇ ನೋಡುತ್ತಿದ್ದರು. "ಲೈಟು ಹಾಕಿದ್ದು ನಾನೇ. ಅದೂ ಸುಳ್ಳಲ್ಲ. ಅಮ್ಮ ಇದ್ದಾಗ ಒಂದು ದಿನಾನೂ ಇದರ ಮುಂದೆ ಕೂತಿರ್ಲಿಲ್ಲ. ನಾನು ಕೆಲಸದಿಂದ ಬರೋ ಹೊತ್ತಿಗೆ ಲೈಟು ಆರಿರುತ್ತೆ. ಅದಕ್ಕೇ ಹಾಕ್ಕೊಂಡು ಕೂತ್ಕೊಳ್ತಿದ್ದೆ."

ತಾತನ ಮುಖ ಮಗಳ ದನಿ ಬಂದ ಕಡೆಗೆ ತಿರುಗಿತು. ನಾಲ್ಕು ದಿನದ ಮೇಲೆ ಮಗಳ ಜೊತೆ ಮೊದಲ ಮಾತು ಆಡಿದರು. "ಹೇಳಿದ್ರೆ ನಾನೂ ಬಂದು ಕೂತ್ಕೊಳ್ತಿದ್ನಲ್ಲ."

ಆಮೇಲೆ ಅತ್ತೆಯ ಕಡೆಗೆ, "ಈಗೇನು ಮಾಡೋದು?"

"ಬುಡ ಮುಟ್ಟಿ ನೋಡ್ಬೇಕು. ಗಟ್ಟಿ ಇದ್ರೆ ಜೀವ ಇದೆ. ಮೆತ್ತಗಾಗಿದ್ರೆ ಇಲ್ಲ." ಅತ್ತೆ ತೋಳಿನ ಬಟ್ಟೆ ಮಡಚಿದಳು. ಕೈ ನೀರಿನ ತನಕ ಹೋಗಿ ನಿಂತಿತು. ನೋಡದೆ ಮರಳು ಸುರಿದ ಕೈ. ಆ ಕೈ ಈಗ ನೀರಿಗಿಳಿದರೆ ಇರುವ ಬೇರನ್ನೂ ಕೀಳುತ್ತದೆ ಅಂತ ಅವಳಿಗೇ ಅನಿಸಿತು.

"ಪಕ್ಕಕ್ಕೆ ಸರಿಯಮ್ಮ" ಅಂದರು ತಾತ. "ಕೂದಲಿನಷ್ಟು ಸ್ಪ್ರಿಂಗು ಹಿಡಿಯೋ ಬೆರಳಿವು."

ಅವರ ಕೈ ನೀರಿಗಿಳಿಯಿತು. ಮರಳಿನ ಮೇಲೆ ಬೆರಳುಗಳು ನಿಧಾನವಾಗಿ ನಡೆದವು. ಒಂದು ಕಡೆ ನಿಂತವು. "ಇದು ಮೆತ್ತಗಿದೆ." ಇನ್ನೊಂದು ಕಡೆ. "ಇದೂ." ಮೂರನೆಯದೂ ಮೆತ್ತಗೆ. ನಾಲ್ಕನೆಯದರ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು. "ಇದು ಗಟ್ಟಿ." ಅದರ ಪಕ್ಕದಲ್ಲಿ, "ಇದೂ ಗಟ್ಟಿನೇ, ಸ್ವಲ್ಪ."

ಎರಡು. ಅಷ್ಟು ದೊಡ್ಡ ಪೊದೆಯಲ್ಲಿ ಎರಡು.

ಗಿಡ ಕೀಳದೆ ಮರಳು ತೆಗೆಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆ ಚೀಲದಿಂದ ಮೀನಿಗೆ ಗಾಳಿ ಬಿಡುವ ಸಣ್ಣ ರಬ್ಬರ್ ಕೊಳವೆ ತೆಗೆದಳು. ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ಬಕೆಟ್ಟಿನಲ್ಲಿ. ನೀರು ಎಳೆದು ಬಿಟ್ಟರೆ ಮರಳಿನ ಕಾಳು ಒಂದೊಂದೇ ಕೊಳವೆ ಹತ್ತಿ ಬರುತ್ತದೆ. ಅಡಿಯ ಜೇಡಿಮಣ್ಣಿನವರೆಗೆ ಹೋಗಬಾರದು, ಬೇರು ಎಳೆಯಬಾರದು. ತಾತ ತಮ್ಮ ಗಡಿಯಾರದ ಚಿಮಟ ತರಿಸಿ ಕೊಳವೆಯ ತುದಿಯನ್ನು ಅದರಲ್ಲಿ ಹಿಡಿದರು. ಇನ್ನೊಂದು ಕೈಯ ಎರಡು ಬೆರಳು ಆ ಎರಡು ಬುಡಗಳ ಮೇಲೆ. ಬಕೆಟ್ಟಿನ ಕಡೆಯ ತುದಿಗೆ ಮಗಳ ಹೆಬ್ಬೆರಳು. ಅತ್ತೆ ಗಾಜಿಗೆ ಮೂಗು ಒತ್ತಿ ಕೂತು ಹೇಳಬೇಕು.

"ಬಿಡಿ. ನಿಧಾನ. ಹಿಡೀರಿ."

ಮಗಳು ಮೊದಲ ಸಲ ಬೆರಳನ್ನು ಪೂರ್ತಿ ಎತ್ತಿಬಿಟ್ಟರು. ಕೊಳವೆ ಗಬಕ್ಕನೆ ಎಳೆಯಿತು.

"ಕ್ಲಚ್ ಬಿಟ್ಟಂಗೆ ಬಿಡಮ್ಮ" ಅಂದರು ತಾತ. "ದಿನಾ ಬೇರೆಯೋರಿಗೆ ಬೈತೀಯಲ್ಲ."

ಮಧ್ಯಾಹ್ನ ದಾಟಿತು. ಕಾರು ಕಲಿಯಲು ಬರಬೇಕಿದ್ದ ಮೂವರಿಗೆ ಇವತ್ತು ಇಲ್ಲ ಅಂತ ಮಗಳು ಎಡಗೈಯಲ್ಲೇ ಸಂದೇಶ ಕಳಿಸಿದರು. ಅವರಲ್ಲಿ ಒಬ್ಬಳು ನಾನು. ಒಂದೂವರೆಯ ಸುಮಾರಿಗೆ ಕೊಳವೆಯೊಳಗೆ ಬಿಳಿ ಎಳೆಯೊಂದು ಹೊಕ್ಕಿತು. ಬೇರು. "ಹಿಡೀರಿ" ಅಂದಳು ಅತ್ತೆ. ಅಷ್ಟರಲ್ಲಿ ಗಟ್ಟಿಯಾಗಿದ್ದ ಬುಡವೊಂದು ಮಣ್ಣಿನಿಂದ ಅರ್ಧ ಎದ್ದಿತ್ತು. ತಾತ ಚಿಮಟ ಅಲುಗಿಸದೆ ಎಡಗೈಯ ತೋರುಬೆರಳಿನಿಂದ ಅದನ್ನು ಒತ್ತಿದರು. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಬೇರು ಕೊಳವೆಯಿಂದ ಜಾರಿ ಹೊರಗೆ ಬಂತು. ತುಂಡಾಗಿರಲಿಲ್ಲ. ಮಗಳು ಬಕೆಟ್ಟಿನ ಪಕ್ಕದಲ್ಲಿ ಹಾಗೇ ಕುಸಿದು ಕೂತರು, ಹೆಬ್ಬೆರಳು ಮಾತ್ರ ಕೊಳವೆಯ ಬಾಯಲ್ಲೇ ಇತ್ತು.

ಮೂರು ಗಂಟೆಗೆ ಕೊನೆಯ ಕಾಳು ಬಂತು. ಅತ್ತೆ ಬೇರೆ ಕಡೆಯಿಂದ ತಂದ ಮರಳನ್ನು ಅವರ ಎದುರಿಗೇ ಹನ್ನೊಂದು ಸಲ ಪರೀಕ್ಷೆ ಮಾಡಿದಳು. ಮೇಲಿನದು, ನಡುವಿನದು, ತಳದ್ದು. ಕೊನೆಗೆ ತಾತನೇ "ಸಾಕಮ್ಮ, ಮರಳಿಗೆ ನಾಚಿಕೆಯಾಗುತ್ತೆ" ಅಂದರು. ಚಮಚ ಚಮಚವಾಗಿ ಅದನ್ನು ಬುಡದ ಸುತ್ತ ಇಳಿಸಿದರು. ಗಡುಸು ನೀರನ್ನು ಒಮ್ಮೆಲೇ ಬದಲಾಯಿಸಿದರೆ ಮೀನೂ ಗಿಡವೂ ಮತ್ತೆ ಬೆಚ್ಚುತ್ತವೆ, ಅದಕ್ಕೇ ದಿನಕ್ಕೊಂದೇ ಬಕೆಟ್. ಟೈಮರ್ ವಾಪಸ್ ಗೋಡೆಗೆ ಹೋಯಿತು. ಲೈಟಿನ ಕೆಳಗಿನ ಮರದ ತುಂಡುಗಳು ಇನ್ನೂ ಒಂದೊಂದು ಜಾಸ್ತಿಯಾದವು.

ಆಮೇಲೆ ಕಾಯುವುದು. ಹತ್ತು ದಿನವಾಯಿತು, ಇರುವ ನಾಲ್ಕು ಎಲೆಯೂ ಕರಗಿಹೋದವು. ಹದಿನೈದಾಯಿತು. ತೊಟ್ಟಿಯಲ್ಲಿ ಬರೀ ಮರಳು, ಅದರ ಮೇಲೆ ಭಾರಿ ಲೈಟು. ಪಕ್ಕದ ಮನೆಯವರು ಬಂದು "ಈಗ ಮರಳು ಸಾಕ್ತಿದೀರಾ?" ಅಂದರಂತೆ. ಮನೆಯಲ್ಲಿ ಅತ್ತೆ ಫೋನ್ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಓನರ್ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೇ ದಿನ ಆ ಮೂಟೆಗಳನ್ನು ವಾಪಸ್ ಕಳಿಸಿದರು. ಅದಕ್ಕೂ ಅತ್ತೆಗೆ ಸಮಾಧಾನವಾಗಲಿಲ್ಲ. ಹದಿನೆಂಟನೇ ದಿನ ಊಟಕ್ಕೆ ಕೂತಾಗ, "ಕೊಳೆತೇಹೋಗಿರುತ್ತೆ. ನನಗೆ ಹೇಳೋಕೆ ಅವರಿಗೆ ಸಂಕೋಚ" ಅಂದಳು. ಅವಳ ಬಾಯಲ್ಲಿ ಅಷ್ಟು ಮೆಲ್ಲನೆಯ ಮಾತು ನಾನು ಕೇಳಿರಲಿಲ್ಲ.

ಇಪ್ಪತ್ತಮೂರನೇ ದಿನ ಸಂಜೆ ನಾಲ್ಕಕ್ಕೆ ಫೋನ್ ಬಂತು. "ಬನ್ನಿ" ಅಂದರು ಮಗಳು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಹೇಳಲಿಲ್ಲ. ಅತ್ತೆಗೂ ಕೇಳುವ ಧೈರ್ಯವಾಗಲಿಲ್ಲ.

ಹೋದಾಗ ಅಪ್ಪ ಮಗಳು ಇಬ್ಬರೂ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಗಳು ಆ ವಾರದಿಂದ ಸಂಜೆಯ ಪಾಠವನ್ನು ಬೆಳಿಗ್ಗೆಗೆ ಹಾಕಿಕೊಂಡಿದ್ದರು. ನಾನು ಐದೂವರೆಗೆ ಏಳಬೇಕಾಗಿ ಬಂದದ್ದು ಹಾಗೆ. ಅತ್ತೆ ಮೊಣಕಾಲೂರಿ ಗಾಜಿಗೆ ಮುಖ ಒತ್ತಿದಳು. ಎರಡು ಬುಡದಲ್ಲಿ ಒಂದು ಹೋಗಿತ್ತು. ಇನ್ನೊಂದರ ತುದಿಯಲ್ಲಿ, ಕೈಗಡಿಯಾರದ ಸಣ್ಣ ಮುಳ್ಳಿನಷ್ಟು ಉದ್ದಕ್ಕೆ, ಸುರುಳಿ ಬಿಚ್ಚುತ್ತಿರುವ ಒಂದು ಎಲೆ.

ಆದರೆ ಹಸಿರು. ಕಂದಿನ ಲವಲೇಶವೂ ಇಲ್ಲದ ಎಳೆ ಹಸಿರು.

"ಬೆರಳಿಗೆ ಸಿಕ್ತು ನಂಗೆ" ಅಂದರು ತಾತ. "ಬಣ್ಣ ಮಾತ್ರ ಕಾಣ್ತಿಲ್ಲ. ಅವಳ ಗಿಡದ್ದೇ ಬಣ್ಣ ತಾನೆ? ಇವಳನ್ನ ಕೇಳಿದ್ರೆ ಅಕ್ಕ ಬರಲಿ ಅಂತಾಳೆ."

ಮಗಳು ಅತ್ತೆಯನ್ನು ನೋಡಿದರು. ಹೌದು ಅಂದರೆ ಮುಗಿಯುತ್ತಿತ್ತು. ತಾತನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

"ಅಲ್ಲ, ದೊಡ್ಡಪ್ಪ" ಅಂದಳು ಅತ್ತೆ. "ಹಸಿರು. ನೆಲ, ಬೆಳಕು ಎರಡೂ ಬದಲಾಗಿದೆಯಲ್ಲ. ಮುಂದೆ ಕಂದಾಗುತ್ತೋ ಇಲ್ವೋ, ನಾನು ಮಾತು ಕೊಡಲಾರೆ."

ತಾತ ಮುಖ ತಗ್ಗಿಸಿದರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡರು ಇಬ್ಬರೂ. ನಗುತ್ತಿದ್ದರು.

"ಅಂಗಡಿಯಿಂದ ತಂದಾಗ್ಲೂ ಹಸಿರೇ ಇತ್ತು" ಅಂದರು. "ಕಂದು ಅಂತ ಹೇಳಿ ಹಸಿರು ಕೊಟ್ಟು ಮೋಸ ಮಾಡಿದಾರೆ ಅಂತ ಎರಡು ಸಲ ಜಗಳಕ್ಕೆ ಹೋಗಿದ್ಲು. ಆರು ತಿಂಗಳಾದ್ಮೇಲೆ ತಾನಾಗೇ ತಿರುಗ್ತು."

"ಅಂಗಡಿಯವರಿಗೆ ಹೋಗಿ ಹೇಳಿದ್ರಾ, ತಪ್ಪಾಯ್ತು ಅಂತ?" ಕೇಳಿದಳು ಅತ್ತೆ.

"ಯಾರು, ಅವಳಾ?"

ಐದಕ್ಕೆ ಟೈಮರ್ ಟಕ್ ಅಂದಿತು. ತೊಟ್ಟಿ ಕತ್ತಲಾಯಿತು. ಮಗಳ ಕೈ ಪ್ಲಗ್ಗಿನ ಕಡೆಗೆ ಹೋಯಿತು, ಅರ್ಧದಾರಿಯಲ್ಲಿ ನಿಂತು ಮಡಿಲಿಗೆ ವಾಪಸ್ ಬಂತು. ಮೂವರೂ ಕತ್ತಲ ತೊಟ್ಟಿಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು.